ಔಷಧಿಯ ತೆರಿಗೆ ಇಳಿಯಿತು, ಮನೆಯ ಭಾರ ಯಾಕೆ ಇಳಿಯಲಿಲ್ಲ?

2025ರ ಸೆಪ್ಟೆಂಬರ್ 22. ಚಾಮುಂಡಿ ಬೆಟ್ಟದಲ್ಲಿ ದಸರಾ ಶುರುವಾದ ದಿನ. ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದದ್ದೂ ಅವತ್ತೇ. 33 ಜೀವರಕ್ಷಕ ಔಷಧಿಗಳ ಮೇಲಿದ್ದ 12% ತೆರಿಗೆ ಪೂರ್ತಿ ಹೋಯಿತು. ಉಳಿದ ಬಹುಪಾಲು ಔಷಧಿಗಳ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಶುಗರ್ ನೋಡುವ ಗ್ಲುಕೋಮೀಟರ್ ಮತ್ತು ಅದರ ಸ್ಟ್ರಿಪ್‌ಗಳಿಗೂ ಅಷ್ಟೇ ಇಳಿಕೆ ಸಿಕ್ಕಿತು. ನಾವೇ ಮಾಡಿಸಿಕೊಳ್ಳುವ ಆರೋಗ್ಯ ವಿಮೆಗೆ ಇದ್ದ 18% ತೆರಿಗೆಯೂ ಹೋಯಿತು.

ಸುದ್ದಿ ಒಳ್ಳೆಯದೇ. ಆದರೆ ಮಗುವಿಗೆ ಟೈಪ್ 1 ಮಧುಮೇಹ, ಥಲಸ್ಸೀಮಿಯಾ, ಮೂರ್ಛೆ ರೋಗ ಹೀಗೆ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆ ಇದ್ದರೆ, ಆ ಮನೆಯಲ್ಲಿ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ. ಔಷಧಿ ಅಗ್ಗವಾಯಿತು ಅಂತಾರೆ, ನಮಗೆ ಯಾಕೆ ಹಗುರ ಅನ್ನಿಸುತ್ತಿಲ್ಲ?

ಈ ಪ್ರಶ್ನೆಗೆ ಉತ್ತರ ಔಷಧಿ ಅಂಗಡಿಯ ಬಿಲ್ಲಿನಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಮಕ್ಕಳ ದೀರ್ಘ ಕಾಯಿಲೆ ಮನೆಯಿಂದ ಹಣಕ್ಕಿಂತ ಜಾಸ್ತಿ ದಿನಗಳನ್ನು ಕಿತ್ತುಕೊಳ್ಳುತ್ತದೆ, ರಾತ್ರಿಗಳನ್ನು ಕಿತ್ತುಕೊಳ್ಳುತ್ತದೆ. ಅದು ಯಾರ ದಿನ, ಯಾರ ರಾತ್ರಿ ಎಂದು ಕೇಳಿದರೆ ಮಾತ್ರ ಪೂರ್ತಿ ಲೆಕ್ಕ ಕಾಣುತ್ತದೆ.

ಮೊದಲು ತೆರಿಗೆಯ ಲೆಕ್ಕ

ಎಲ್ಲ ಔಷಧಿಗೂ ಒಂದೇ ರೀತಿ ಇಳಿದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ತೆರಿಗೆ ಪೂರ್ತಿ ಹೋದ 33 ಔಷಧಿಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳಿಗೆ ಕೊಡುವಂಥವು. ಮಕ್ಕಳ ಸ್ನಾಯುಗಳನ್ನು ಸೋಲಿಸುವ ಎಸ್‌ಎಂಎ ಕಾಯಿಲೆಗೆ ಕೊಡುವ ರಿಸ್ಡಿಪ್ಲಾಮ್, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಗೆ ಕೊಡುವ ಎಮಿಸಿಜುಮ್ಯಾಬ್ ಆ ಪಟ್ಟಿಯಲ್ಲಿವೆ. ಟೈಪ್ 1 ಮಧುಮೇಹದ ಮಗುವಿಗೆ ದಿನಾ ಬೇಕಾದ ಇನ್ಸುಲಿನ್ ಮೇಲೆ ಮಾತ್ರ 2017ರಿಂದಲೂ 5% ತೆರಿಗೆಯೇ ಇತ್ತು. ಈಗಲೂ ಅಷ್ಟೇ ಇದೆ. ಹಾಗಾಗಿ ಇನ್ಸುಲಿನ್ ಬಿಲ್ಲು ಮೊದಲಿನಷ್ಟೇ ಬಂದರೆ ಅಂಗಡಿಯವರು ಮೋಸ ಮಾಡಿದರು ಅಂತಲ್ಲ.

ಇಳಿದದ್ದು ಸ್ಟ್ರಿಪ್ ಬೆಲೆ. ಎಷ್ಟು ಇಳಿಯಿತು ನೋಡೋಣ. ತೆರಿಗೆ ಸೇರಿ ಒಂದು ಸ್ಟ್ರಿಪ್‌ಗೆ 20 ರೂಪಾಯಿ ಇತ್ತು ಎಂದಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿದರೆ ತಿಂಗಳಿಗೆ 120 ಸ್ಟ್ರಿಪ್, ಅಂದರೆ 2,400 ರೂಪಾಯಿ. ತೆರಿಗೆ 12ರಿಂದ 5ಕ್ಕೆ ಬಂದರೆ ಅದೇ ಸ್ಟ್ರಿಪ್ 18 ರೂಪಾಯಿ 75 ಪೈಸೆ ಆಗುತ್ತದೆ. ತಿಂಗಳಿಗೆ ಉಳಿಯುವುದು 150 ರೂಪಾಯಿ. ಕಷ್ಟದಲ್ಲಿರುವ ಮನೆಗೆ 150 ರೂಪಾಯಿಯೂ ದುಡ್ಡೇ. ಆದರೆ ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತೆರಿಗೆ ಪೂರ್ತಿ ಮನ್ನಾ ಆದ ಔಷಧಿಗಳಲ್ಲೂ ಒಂದು ಸೂಕ್ಷ್ಮ ಇದೆ. ಔಷಧಿ ತಯಾರಿಸುವ ಕಂಪನಿ ಕಚ್ಚಾ ವಸ್ತು ಕೊಳ್ಳುವಾಗ ತೆರಿಗೆ ಕಟ್ಟಿರುತ್ತದೆ. ತಾನು ಮಾರುವ ಔಷಧಿಗೆ ತೆರಿಗೆ ಇದ್ದರೆ ಅದನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದು. ತೆರಿಗೆಯೇ ಇಲ್ಲ ಎಂದಾದರೆ ವಜಾ ಮಾಡಿಕೊಳ್ಳಲು ದಾರಿ ಇಲ್ಲ. ಆ ಹೊರೆ ಬೆಲೆಯ ಒಳಗೇ ಉಳಿಯಬಹುದು.

ಬೆಲೆ ನಿಜವಾಗಿ ಕುಸಿಯುವುದು ಬೇರೆ ಕಾರಣಕ್ಕೆ. ರಿಸ್ಡಿಪ್ಲಾಮ್‌ನ ವಿಷಯವನ್ನೇ ನೋಡಿ. ಮೂಲ ಕಂಪನಿಯ ಬಾಟಲಿಯ ಬೆಲೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಪೇಟೆಂಟ್ ವಿವಾದದಲ್ಲಿ ತಡೆಯಾಜ್ಞೆ ಕೊಡಲು ದೆಹಲಿ ಹೈಕೋರ್ಟ್ ಒಪ್ಪದೆ, 2025ರ ಅಕ್ಟೋಬರ್‌ನಲ್ಲಿ ಭಾರತೀಯ ಕಂಪನಿಯೊಂದು ಅದನ್ನು 15,900 ರೂಪಾಯಿಗೆ ತಂದಿತು. ತೆರಿಗೆಯಿಂದ ಇಷ್ಟು ದೊಡ್ಡ ಇಳಿಕೆ ಯಾವತ್ತೂ ಆಗುವುದಿಲ್ಲ.

ವಿಮೆಯ ಕಥೆ ಇನ್ನೂ ಚಿಕ್ಕದು. ಕಾಯಿಲೆ ಮೊದಲೇ ಇದ್ದರೆ ಅದಕ್ಕೆ ವಿಮೆ ಸಿಗಲು ಕಾಯುವ ಅವಧಿ ಇರುತ್ತದೆ. ಅದರ ಮಿತಿಯನ್ನು 2024ರಲ್ಲಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದರು. ಆದರೂ ಈಗ ಕಾಯಿಲೆ ಗೊತ್ತಾದ ಮಗುವಿಗೆ ಮೂರು ವರ್ಷ ಸಣ್ಣ ಅವಧಿಯಲ್ಲ.

ಬಿಲ್ಲಿಗೆ ಬಾರದ ದಿನಗಳು

ಈಗ ಆ 150 ರೂಪಾಯಿಯನ್ನು ಇನ್ನೊಂದು ಸಂಖ್ಯೆಯ ಪಕ್ಕ ಇಡೋಣ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ತಿಂಗಳಿಗೆ ಒಂದೇ ಒಂದು ದಿನ ಆಸ್ಪತ್ರೆಗೆ ಹೋಗಿ ಬಂದರೂ ತೆರಿಗೆಯಿಂದ ಉಳಿದದ್ದರ ಎರಡು ಪಟ್ಟಿಗಿಂತ ಜಾಸ್ತಿ ಕೈತಪ್ಪುತ್ತದೆ.

ಥಲಸ್ಸೀಮಿಯಾ ಇರುವ ಮಗುವಿನ ಲೆಕ್ಕ ತೆಗೆದುಕೊಳ್ಳಿ. ಆ ಮಗುವಿನ ದೇಹ ಸಾಕಷ್ಟು ಸರಿಯಾದ ರಕ್ತ ತಯಾರಿಸುವುದಿಲ್ಲ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಮೂರು ವಾರಕ್ಕೊಮ್ಮೆ ಎಂದರೆ ವರ್ಷಕ್ಕೆ 17 ಸಲ. ಮನೆ ಕೆ.ಆರ್.ಪೇಟೆಯ ಕಡೆ ಇದ್ದು ಆಸ್ಪತ್ರೆ ಮೈಸೂರಿನಲ್ಲಿದ್ದರೆ ಪ್ರತಿ ಸಲವೂ ಒಂದು ಇಡೀ ದಿನ ಹೋಗುತ್ತದೆ. ಬೆಳಗಿನ ಬಸ್ಸು, ಓಪಿಡಿ ಚೀಟಿ, ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ, ರಕ್ತ ಏರಿಸುವ ನಾಲ್ಕೈದು ಗಂಟೆ, ಸಂಜೆಯ ಬಸ್ಸು. ಪರೀಕ್ಷೆಗೆ ಹಿಂದಿನ ದಿನವೇ ಬನ್ನಿ ಎಂದರೆ 17 ದಿನ 34 ಆಗುತ್ತದೆ.

ಹಾಕಿಸಿದ ರಕ್ತದ ಜೊತೆ ಕಬ್ಬಿಣದ ಅಂಶವೂ ದೇಹದಲ್ಲಿ ಸೇರುತ್ತಾ ಹೋಗುತ್ತದೆ. ಅದು ಹೃದಯ, ಯಕೃತ್ತಿನಲ್ಲಿ ಕೂತರೆ ಅಪಾಯ. ಅದನ್ನು ಹೊರಹಾಕಲು ದಿನಾ ಮಾತ್ರೆ ಬೇಕು. ಆ ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮತ್ತೆ ಪರೀಕ್ಷೆ, ಮತ್ತೆ ಒಂದು ದಿನ.

ಈ ದಿನಗಳು ಯಾರವು? ಹೆಚ್ಚಿನ ಮನೆಗಳಲ್ಲಿ ಅಮ್ಮನವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ಇಲ್ಲ. ಇದು ಇಂಥ ಮನೆಗಳಿಗೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜೊತೆಗೇ ಇನ್ನೊಂದು ಲೆಕ್ಕವೂ ಹುಟ್ಟುತ್ತದೆ. ಅಪ್ಪ ಹೋದರೆ ಟಿಕೆಟ್, ಅಮ್ಮ ಹೋದರೆ ಇಲ್ಲ. ಅಪ್ಪನ ಕೂಲಿ ಜಾಸ್ತಿ, ಅಮ್ಮನದು ಕಡಿಮೆ. ಹಾಗಾಗಿ ಪ್ರತಿ ಸಲವೂ ಅಮ್ಮ ಹೋಗುವುದೇ ಸರಿ ಎಂದು ಕಾಣುತ್ತದೆ. ಹೀಗೆ ಸಣ್ಣ ಸಣ್ಣ ಸರಿಯಾದ ತೀರ್ಮಾನಗಳು ಸೇರಿಕೊಂಡು, ಒಂದೆರಡು ವರ್ಷದಲ್ಲಿ ಕಾಯಿಲೆಯ ವಿಷಯವೆಲ್ಲ ಒಬ್ಬಳ ತಲೆಯಲ್ಲಿ ಕೂತುಬಿಡುತ್ತದೆ. ಡಾಕ್ಟರ್ ಏನು ಹೇಳಿದರು, ಯಾವ ಮಾತ್ರೆ ಬದಲಾಯಿತು, ಮುಂದಿನ ತಾರೀಕು ಯಾವುದು ಎಲ್ಲ ಅವಳಿಗೆ ಮಾತ್ರ ಗೊತ್ತು. ಅಪ್ಪನಿಗೆ ತಿಳಿದುಕೊಳ್ಳುವ ಆಸೆ ಇದ್ದರೂ ಹೊತ್ತು ಮೀರಿರುತ್ತದೆ. ಗಂಡ ಹೆಂಡತಿ ನಡುವೆ ಬೆಳೆಯುವ ದೂರಕ್ಕೆ ಎಷ್ಟೋ ಸಲ ಪ್ರೀತಿ ಕಡಿಮೆಯಾದದ್ದು ಕಾರಣವಲ್ಲ. ಕೆಲಸ ಹಂಚಿಕೆಯಾದ ರೀತಿಯೇ ಕಾರಣ.

ಸಂಬಳದ ಕೆಲಸದಲ್ಲೂ ಇದೇ ಇಕ್ಕಟ್ಟು. ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಕಾರ್ಮಿಕರ ವಿಮೆಯಾದ ಇಎಸ್‌ಐ ಇರಬಹುದು. ಅದರ ಕಾಯಿಲೆ ಭತ್ಯೆ ಸಿಗುವುದು ಅವಳೇ ಕಾಯಿಲೆ ಬಿದ್ದರೆ ಮಾತ್ರ. ಮಗುವಿಗಾಗಿ ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು. ಕೇಂದ್ರ ಸರ್ಕಾರಿ ನೌಕರಿಯ ತಾಯಂದಿರಿಗೆ ಇಡೀ ಸೇವೆಯಲ್ಲಿ 730 ದಿನ ಮಕ್ಕಳ ಆರೈಕೆ ರಜೆ ಇದೆ. ಮೂಳೆ ಮುರಿಯುವ ಅಪರೂಪದ ಕಾಯಿಲೆಯ ಮಗನಿರುವ ಹಿಮಾಚಲದ ಒಬ್ಬ ಕಾಲೇಜು ಅಧ್ಯಾಪಕಿಯ ಮೊಕದ್ದಮೆಯಲ್ಲಿ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ರಜೆ ಸಂವಿಧಾನಕ್ಕೇ ಸಂಬಂಧಿಸಿದ ವಿಷಯ ಎಂದಿತು. ಆ ಮಾತು ಕಬ್ಬಿನ ಗದ್ದೆಯ ಕೂಲಿಗೆ ಇನ್ನೂ ತಲುಪಿಲ್ಲ.

ಯೋಜನೆ ಇರುವುದು ಅಡ್ಮಿಟ್ ಆದರೆ, ಕಾಯಿಲೆ ಇರುವುದು ಮನೆಯಲ್ಲಿ

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ವೆಚ್ಚದ 30%, ಅದೂ 1.5 ಲಕ್ಷದ ಮಿತಿಯೊಳಗೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾಗುವ ಗದ್ದಲ ಎದ್ದಾಗ ಕೆಲವು ಮನೆಗಳಿಗೆ ಅಕ್ಕಿಗಿಂತ ದೊಡ್ಡ ಭಯ ಇದೇ ಇದ್ದಿರಬೇಕು.

ಈ ಯೋಜನೆ ಕಟ್ಟಿರುವುದು ಪ್ಯಾಕೇಜಿನ ಮೇಲೆ. ಇಂಥ ಆಪರೇಷನ್‌ಗೆ ಇಷ್ಟು, ಇಂಥ ತುರ್ತಿಗೆ ಇಷ್ಟು. ಅಪಘಾತವಾದರೆ, ಹೃದಯದಲ್ಲಿ ರಂಧ್ರವಿದ್ದರೆ ಇದು ನಿಜವಾಗಿ ಜೀವ ಉಳಿಸುತ್ತದೆ. ಆದರೆ ಟೈಪ್ 1 ಮಧುಮೇಹದ ಮಗುವಿನ ಚಿಕಿತ್ಸೆ ನಡೆಯುವುದು ಅಡುಗೆ ಮನೆಯಲ್ಲಿ. ಬೆಳಗ್ಗೆ ತಿಂಡಿಗೆ ಮೊದಲು ಬೆರಳು ಚುಚ್ಚಿ, ಎಷ್ಟು ತಿನ್ನುತ್ತಾನೆ ಎಂದು ಅಂದಾಜು ಮಾಡಿ, ಅದಕ್ಕೆ ತಕ್ಕ ಯೂನಿಟ್ ಇನ್ಸುಲಿನ್ ಕೊಡಬೇಕು. ಮುದ್ದೆಯ ಗಾತ್ರ ಮನೆಯಿಂದ ಮನೆಗೆ ಬೇರೆ, ಅಮ್ಮನ ಕೈಯಿಂದ ಅಜ್ಜಿಯ ಕೈಗೇ ಬೇರೆ. ಅರ್ಧ ಮುದ್ದೆ ಬಿಟ್ಟೆದ್ದರೆ ಲೆಕ್ಕ ತಪ್ಪಿತು. ಇದನ್ನೆಲ್ಲ ಚೆನ್ನಾಗಿ ನಡೆಸಿದ ತಾಯಿಯ ಮಗು ಆಸ್ಪತ್ರೆಗೆ ದಾಖಲಾಗುವುದೇ ಇಲ್ಲ. ಅವಳ ಕೆಲಸಕ್ಕೆ ಯಾವ ಪ್ಯಾಕೇಜೂ ಇಲ್ಲ. ಲೆಕ್ಕ ಕೈಮೀರಿ ಮಗು ಐಸಿಯುಗೆ ಬಂದಾಗ ಯೋಜನೆ ತೆರೆದುಕೊಳ್ಳುತ್ತದೆ.

ನನಗೆ ಈ ವ್ಯವಸ್ಥೆಯ ದೊಡ್ಡ ದೋಷ ಇದೇ ಅನ್ನಿಸುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡಿದ್ದಲ್ಲ. ಬಂದು ಹೋಗುವ ಕಾಯಿಲೆಗಾಗಿ ಕಟ್ಟಿದ ಮನೆಯೊಳಗೆ, ಬಂದು ಉಳಿಯುವ ಕಾಯಿಲೆಯನ್ನು ಕೂರಿಸಲು ನೋಡುತ್ತಿದ್ದೇವೆ.

ರಾತ್ರಿ ಎರಡು ಗಂಟೆ

ಮನಸ್ಸಿನ ಮೇಲಾಗುವ ಪೆಟ್ಟು ಎಲ್ಲ ಕಾಯಿಲೆಗೂ ಒಂದೇ ತರಹ ಇರುವುದಿಲ್ಲ. ಕಾಯಿಲೆಯ ನಡೆ ಹೇಗಿದೆಯೋ ಮನೆಯ ಮನಸ್ಸೂ ಹಾಗೆ ಬಾಗುತ್ತದೆ.

ಮೂರ್ಛೆ ರೋಗ ಯಾವಾಗ ಬರುತ್ತದೆ ಗೊತ್ತಿಲ್ಲ. ತಿಂಗಳುಗಟ್ಟಲೆ ಫಿಟ್ಸ್ ಬಾರದಿದ್ದರೂ ಮನೆಯವರ ಕಿವಿ ಎಚ್ಚರವಾಗಿಯೇ ಇರುತ್ತದೆ. ಬಚ್ಚಲಿನಲ್ಲಿ ಚೊಂಬು ಬಿದ್ದರೂ ಓಡುತ್ತಾರೆ. ಮಗು ಚೆನ್ನಾಗಿರುವ ದಿನವೂ ಅವರಿಗೆ ಬಿಡುವಿನ ದಿನವಲ್ಲ. ಸ್ನಾಯು ಕ್ಷೀಣಿಸುವ ಕಾಯಿಲೆಯಲ್ಲಿ ಹಾಗಲ್ಲ, ಅಲ್ಲಿ ಪ್ರತಿ ವರ್ಷ ಒಂದೊಂದು ಕಳೆದುಕೊಳ್ಳುವುದಿರುತ್ತದೆ. ನಡೆಯುತ್ತಿದ್ದವನು ಗೋಡೆ ಹಿಡಿದ, ಆಮೇಲೆ ಕುರ್ಚಿಗೆ ಬಂದ. ದುಃಖ ಒಮ್ಮೆ ಬಂದು ಮುಗಿಯುವುದಿಲ್ಲ. ಓರಗೆಯ ಮಕ್ಕಳು ಶಾಲೆಗೆ ಸೇರುವಾಗ, ಸೈಕಲ್ ಕಲಿಯುವಾಗ, ಎಸ್‌ಎಸ್‌ಎಲ್‌ಸಿ ಪಾಸಾದಾಗ ಮತ್ತೆ ಮತ್ತೆ ಏಳುತ್ತದೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಪೋಷಕರ ಜೊತೆ ಕೆಲಸ ಮಾಡಿದ ಅಮೆರಿಕದ ಸೈಮನ್ ಒಲ್ಶಾನ್ಸ್ಕಿ 1962ರಲ್ಲೇ ಇದನ್ನು ಗುರುತಿಸಿ ಒಂದು ಮುಖ್ಯ ಮಾತು ಹೇಳಿದರು. ಈ ಮರುಕಳಿಸುವ ದುಃಖ ಕಾಯಿಲೆಯಲ್ಲ, ಅಂಥ ಬದುಕಿಗೆ ಸಹಜವಾದ ಪ್ರತಿಕ್ರಿಯೆ. ನಮ್ಮಲ್ಲಿ "ಇಷ್ಟು ವರ್ಷ ಆಯ್ತು, ಇನ್ನೂ ಅಳ್ತೀಯಲ್ಲ" ಅನ್ನುವವರು ಇದನ್ನು ತಿಳಿದುಕೊಳ್ಳಬೇಕು.

ಟೈಪ್ 1 ಮಧುಮೇಹದಲ್ಲಿ ಭಯ ರಾತ್ರಿಯದು. ಮಲಗಿದ್ದಾಗ ಶುಗರ್ ತೀರಾ ಕೆಳಗಿಳಿದರೆ ಮಗುವಿಗೆ ಪ್ರಜ್ಞೆ ತಪ್ಪಬಹುದು. ಅದಕ್ಕೇ ಎಷ್ಟೋ ತಾಯಂದಿರು ರಾತ್ರಿ ಎರಡು ಮೂರು ಗಂಟೆಗೆ ಎದ್ದು ಮಗುವಿನ ಬೆರಳು ಚುಚ್ಚಿ ನೋಡುತ್ತಾರೆ. ಭಯ ಜಾಸ್ತಿಯಾದರೆ ಇನ್ನೊಂದು ಅಡ್ಡ ಪರಿಣಾಮವಿದೆ. "ಕೆಳಗಿಳಿಯೋದಕ್ಕಿಂತ ಸ್ವಲ್ಪ ಮೇಲಿದ್ರೇನೇ ವಾಸಿ" ಎಂದು ಇನ್ಸುಲಿನ್ ಕಡಿಮೆ ಕೊಡುತ್ತಾರೆ. ವರ್ಷಗಟ್ಟಲೆ ಶುಗರ್ ಮೇಲೆಯೇ ಉಳಿದರೆ ಕಣ್ಣು, ಮೂತ್ರಪಿಂಡಕ್ಕೆ ಹಾನಿ. ಅಂದರೆ ತಾಯಿಯ ಆತಂಕ ನೇರವಾಗಿ ಮಗುವಿನ ರಕ್ತಕ್ಕೆ ಇಳಿಯುತ್ತದೆ. ತಾಯಿಯ ಮನಸ್ಸನ್ನು ವಿಚಾರಿಸುವುದು ಮಗುವಿನ ಚಿಕಿತ್ಸೆಯ ಭಾಗವೇ ಹೌದು ಎನ್ನಲು ಇದಕ್ಕಿಂತ ಸ್ಪಷ್ಟ ಕಾರಣ ಬೇಕಿಲ್ಲ.

ದೀರ್ಘ ಕಾಯಿಲೆಯ ಮಕ್ಕಳ ತಾಯಂದಿರಲ್ಲಿ ಖಿನ್ನತೆ, ಆತಂಕ ಉಳಿದವರಿಗಿಂತ ಹೆಚ್ಚು ಎಂಬುದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಪದೇ ಪದೇ ಕಂಡಿದೆ. ಅಪ್ಪಂದಿರ ಬಗ್ಗೆ ಅಧ್ಯಯನಗಳೇ ಕಡಿಮೆ. ನಮ್ಮ ಊರುಗಳಲ್ಲಿ ಅಪ್ಪನ ಸಂಕಟ ಸಾಲದ ರೂಪದಲ್ಲಿ ಇರುತ್ತದೆ. ಒಡವೆ ಗಿರವಿ, ಸಂಘದ ಕಂತು, ಕೈಸಾಲದ ಬಡ್ಡಿ. ಅಳುವ ಗಂಡಸನ್ನು ಯಾರೂ ಕೂರಿಸಿ ಮಾತಾಡಿಸುವುದಿಲ್ಲ.

"ಯಾರ ಕಡೆಯಿಂದ ಬಂತು?"

ಸಕ್ಕರೆ ನಾಡಿನಲ್ಲಿ ಮಗುವಿಗೆ ಸಕ್ಕರೆ ಕಾಯಿಲೆ ಎಂದರೆ ಮೊದಲು ಬೀಳುವ ಮಾತು "ಸ್ವೀಟು ಜಾಸ್ತಿ ತಿನ್ನುಸ್ಬುಟ್ರಾ?" ಎಂದು. ಇದು ತಪ್ಪು. ಟೈಪ್ 1 ಮಧುಮೇಹದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡುತ್ತದೆ. ಬೆಲ್ಲ ತಿಂದದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ಸುಲಿನ್ ನಿಲ್ಲಿಸಿ ನಾಟಿ ಔಷಧಿ ನೋಡೋಣ ಎಂದರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ. ಹರಕೆ ಹೊರಲಿ, ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡಲಿ, ಅದರಿಂದ ಮನೆಯವರಿಗೆ ಧೈರ್ಯ ಬರುತ್ತದೆ. ಸೂಜಿ ಮಾತ್ರ ನಿಲ್ಲಬಾರದು.

ಅನುವಂಶಿಕ ಕಾಯಿಲೆಗಳಲ್ಲಿ ದೂರು ಇನ್ನೂ ಹರಿತ. ಹಿಮೋಫಿಲಿಯಾದ ಜೀನ್ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಮಗನಿಗೆ ಬರುತ್ತದೆ ಎಂಬುದು ನಿಜ. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಅದು ಮನೆತನದಲ್ಲಿ ಹಿಂದೆ ಇರುವುದೇ ಇಲ್ಲ, ಹೊಸದಾಗಿ ಹುಟ್ಟಿದ ಬದಲಾವಣೆ. ಥಲಸ್ಸೀಮಿಯಾ ಬರಲು ಅಪ್ಪ ಅಮ್ಮ ಇಬ್ಬರೂ ವಾಹಕರಾಗಿರಬೇಕು, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಜೀನ್ ಇಬ್ಬರಲ್ಲೂ ಇರಬೇಕು. ಪ್ರತಿ ಬಸಿರಿನಲ್ಲೂ 25% ಸಾಧ್ಯತೆ. ಒಬ್ಬರ ಕಡೆಯಿಂದ ಮಾತ್ರ ಬರಲು ಸಾಧ್ಯವೇ ಇಲ್ಲ. ಸೋದರಮಾವ, ಅಕ್ಕನ ಮಗಳ ಮದುವೆ ನಮ್ಮ ಕಡೆ ಇನ್ನೂ ಉಳಿದಿರುವುದರಿಂದ ಇಬ್ಬರಲ್ಲೂ ಒಂದೇ ಜೀನ್ ಇರುವ ಸಾಧ್ಯತೆ ಹೆಚ್ಚುತ್ತದೆ. ಅಂಥ ಮದುವೆ ನಿಶ್ಚಯ ಮಾಡಿದ ಹಿರಿಯರೇ ಆಮೇಲೆ ಸೊಸೆಯನ್ನು ದೂರುವುದೂ ಉಂಟು.

ದೂರಿನ ಪರಿಣಾಮ ಮನಸ್ಸು ನೋಯುವುದಕ್ಕೆ ನಿಲ್ಲುವುದಿಲ್ಲ. ದೂರು ಕೇಳಿದ ತಾಯಿ ಕಾಯಿಲೆಯನ್ನು ಮುಚ್ಚಿಡಲು ಶುರು ಮಾಡುತ್ತಾಳೆ. ಹೆಣ್ಣುಮಗುವಾದರೆ ಮುಂದೆ ಮದುವೆಯ ಚಿಂತೆಯೂ ಸೇರುತ್ತದೆ. ಮುಚ್ಚಿಟ್ಟರೆ ಶಾಲೆಗೆ ಗೊತ್ತಾಗುವುದಿಲ್ಲ. ಶಾಲೆಗೆ ಗೊತ್ತಿಲ್ಲದಿದ್ದರೆ ಶುಗರ್ ಇಳಿದು ಮಗು ಬೆವರಿ ನಡುಗಿದಾಗ ಏನು ಮಾಡಬೇಕೆಂದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ.

ಚೆನ್ನಾಗಿರುವ ಮಗು

ಮನೆಯಲ್ಲಿ ಇನ್ನೊಂದು ಮಗು ಇರುತ್ತದೆ. ಅದರ ಬಗ್ಗೆ ಸುದ್ದಿಯಲ್ಲೂ ಬರುವುದಿಲ್ಲ, ಆಸ್ಪತ್ರೆಯ ಫೈಲಿನಲ್ಲೂ ಬರುವುದಿಲ್ಲ.

ಅಮ್ಮ ತಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋದರೆ ಅಕ್ಕ ಶಾಲೆ ಮುಗಿಸಿ ಬಂದು ಕಸ ಗುಡಿಸಿ ಅನ್ನಕ್ಕಿಡುತ್ತಾಳೆ. ಅಥವಾ ವಾರಗಟ್ಟಲೆ ಅಜ್ಜಿ ಮನೆಯಲ್ಲಿರುತ್ತಾಳೆ. "ನೀನು ದೊಡ್ಡವಳು ಅಲ್ವಾ, ಅರ್ಥ ಮಾಡ್ಕೊ ಕಂದ" ಎಂಬ ಮಾತನ್ನು ಎಂಟು ವರ್ಷಕ್ಕೇ ಕೇಳಿಸಿಕೊಳ್ಳುತ್ತಾಳೆ. ಅವಳು ನಿಜವಾಗಿ ಅರ್ಥ ಮಾಡಿಕೊಳ್ಳುತ್ತಾಳೆ. ಕಷ್ಟ ಇರುವುದೇ ಅಲ್ಲಿ. ತನಗೆ ಹೊಟ್ಟೆ ನೋವಾದರೂ ಹೇಳುವುದಿಲ್ಲ. ಗಣಿತ ಅರ್ಥವಾಗದಿದ್ದರೂ ಹೇಳುವುದಿಲ್ಲ. ಮನೆಯವರು "ಇವಳು ಬಲು ಜಾಣೆ, ಒಂದು ದಿನ ಹಟ ಮಾಡಿದ್ದಿಲ್ಲ" ಎಂದು ಹೊಗಳುತ್ತಾರೆ.

ಒಡಹುಟ್ಟಿದವರ ಮೇಲೆ ಆಗುವ ಪರಿಣಾಮವನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿದ್ದಾರೆ. ಸರಾಸರಿಯಲ್ಲಿ ಪರಿಣಾಮ ಭಾರಿ ದೊಡ್ಡದಲ್ಲ, ಆದರೆ ಇದೆ. ದಿನಾ ಚಿಕಿತ್ಸೆ ಬೇಡುವ ಕಾಯಿಲೆಯಾದರೆ ಜಾಸ್ತಿ. ಕಾರಣ ಊಹಿಸುವುದು ಕಷ್ಟವಲ್ಲ. ಕಾಯಿಲೆ ಎಷ್ಟು ಗಂಭೀರ ಎನ್ನುವುದಕ್ಕಿಂತ, ಅದು ಅಪ್ಪ ಅಮ್ಮನ ದಿನದ ಎಷ್ಟು ಗಂಟೆ ತಿನ್ನುತ್ತದೆ ಎನ್ನುವುದು ಈ ಮಕ್ಕಳಿಗೆ ಮುಖ್ಯ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇಂಥ ಮಕ್ಕಳಲ್ಲಿ ಬೇರೆಯವರ ನೋವು ಬೇಗ ಅರಿಯುವ ಗುಣ, ಜವಾಬ್ದಾರಿ ಬೆಳೆಯುವುದೂ ಉಂಟು. ಅದು ತಾನಾಗಿ ಬೆಳೆದರೆ ಚೆನ್ನ. ಬಾಲ್ಯ ಕೊಟ್ಟು ಕೊಂಡುಕೊಂಡದ್ದಾದರೆ ಅಲ್ಲ.

ಚಿಕ್ಕ ಮಕ್ಕಳಲ್ಲಿ ಇನ್ನೊಂದು ಭಯ ಇರುತ್ತದೆ. ನಾನು ಅವತ್ತು ಜಗಳ ಆಡಿ ತಳ್ಳಿದ್ದಕ್ಕೆ ತಮ್ಮನಿಗೆ ಹೀಗಾಯಿತಾ? ನನಗೂ ಬರುತ್ತಾ? ಕೇಳಲು ಧೈರ್ಯ ಇರುವುದಿಲ್ಲ. ಕಾಯಿಲೆ ಏನು, ಯಾಕೆ ಬಂತು, ಯಾರ ತಪ್ಪೂ ಅಲ್ಲ ಎಂದು ಅವರ ಮಾತಿನಲ್ಲೇ ಕೂರಿಸಿ ಹೇಳಿದರೆ ಈ ಭಯ ಇಳಿಯುತ್ತದೆ. ಫಾಲೋಅಪ್‌ಗೆ ಒಮ್ಮೆ ಅವರನ್ನೂ ಕರೆದುಕೊಂಡು ಹೋದರೆ, ಡಾಕ್ಟರ್ ಒಂದೆರಡು ನಿಮಿಷ ಅವರ ಜೊತೆಯೂ ಮಾತಾಡಿದರೆ ಸಾಕು. ದುಡ್ಡಿನ ಖರ್ಚಿಲ್ಲದ ಕೆಲಸ ಇದು.

ಶಾಲೆ ಒಪ್ಪಿದರೆ ಅರ್ಧ ಭಾರ ಇಳಿಯುತ್ತದೆ

ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಪಾಠದ ದಿನಗಳಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಅದರಲ್ಲಿ 17 ಅಥವಾ 34 ದಿನ ಆಸ್ಪತ್ರೆಗೆ ಹೋದರೆ ಹಿಂದೆ ಬೀಳುವುದು ಸಹಜ. ಹಿಂದೆ ಬಿದ್ದ ಮಗು ಶಾಲೆಗೆ ಹೋಗಲು ಹಿಂಜರಿಯುತ್ತದೆ, ಹೋಗದಿದ್ದರೆ ಇನ್ನೂ ಹಿಂದೆ ಬೀಳುತ್ತದೆ.

ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಧುಮೇಹದ ಮಕ್ಕಳು ಪರೀಕ್ಷಾ ಕೊಠಡಿಗೆ ತಿನಿಸು, ನೀರು ತರಬಹುದು ಎಂದಿತು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಲ್ಲ ಕಡೆಗೂ ಪತ್ರ ಬರೆದು, ತರಗತಿಯಲ್ಲೇ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ಚುಚ್ಚಿಕೊಳ್ಳಲು, ನಡುವೆ ತಿನ್ನಲು ಬಿಡಬೇಕು ಎಂದಿತು. ಇವು ಸಲಹೆಗಳು. ಪಾಲಿಸಲೇಬೇಕಾದ ಕಾನೂನಿನ ಬಲ ಇವಕ್ಕಿಲ್ಲ. ಹಾಗಾಗಿ ಎಲ್ಲವೂ ಒಬ್ಬ ಮೇಷ್ಟ್ರು, ಒಬ್ಬ ಟೀಚರ್ ಮನಸ್ಸಿನ ಮೇಲೆ ನಿಲ್ಲುತ್ತದೆ. ಒಪ್ಪುವ ಟೀಚರ್ ಸಿಕ್ಕರೆ ಅಮ್ಮ ಕೆಲಸಕ್ಕೆ ಹೋಗಬಹುದು. ಒಪ್ಪದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸೂಜಿ ಹಿಡಿದು ಶಾಲೆಯ ಗೇಟಿನ ಹತ್ತಿರ ನಿಲ್ಲಬೇಕು.

ಶಿಕ್ಷಕರ ಅಳುಕೂ ಸುಳ್ಳಲ್ಲ. ನಲವತ್ತು ಮಕ್ಕಳ ನಡುವೆ ಒಂದು ಮಗು ಕುಸಿದರೆ ಹೊಣೆ ಯಾರದು ಎಂಬ ಭಯ ಅವರಿಗಿದೆ. ಯಾರೂ ಅವರಿಗೆ ತರಬೇತಿ ಕೊಟ್ಟಿರುವುದಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ತಪಾಸಣೆಗೆ ಬರುತ್ತವೆ. ಕಾಯಿಲೆ ಹುಡುಕುವುದು ಅವರ ಕೆಲಸ. ಆಗಲೇ ಕಾಯಿಲೆ ಇರುವ ಮಗುವಿನ ಶಿಕ್ಷಕರಿಗೆ ಅರ್ಧ ಗಂಟೆ ಹೇಳಿಕೊಟ್ಟು ಹೋಗುವುದನ್ನೂ ಅದಕ್ಕೆ ಸೇರಿಸಿದರೆ ಹೊಸ ಯೋಜನೆಯೇ ಬೇಕಾಗುವುದಿಲ್ಲ.

ಅಂಗವೈಕಲ್ಯ ಎಂದು ಕರೆಯಬೇಕೆ? ವಾದ ಎರಡು ಕಡೆಗೂ ಇದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ. ಥಲಸ್ಸೀಮಿಯಾ, ಹಿಮೋಫಿಲಿಯಾ, ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಕುಡಗೋಲು ಕಣ (ಸಿಕಲ್ ಸೆಲ್) ಕಾಯಿಲೆ ಅದರಲ್ಲಿ ಸೇರಿವೆ. ಟೈಪ್ 1 ಮಧುಮೇಹ ಸೇರಿಲ್ಲ. ಸೇರಿಸಿ ಎಂದು ಪೋಷಕರ ಗುಂಪುಗಳು ಕೇಳುತ್ತಿವೆ. ಸೇರಿಸಿದರೆ ಪರೀಕ್ಷೆಯಲ್ಲಿ ರಿಯಾಯಿತಿ, ಶಾಲೆಯಲ್ಲಿ ಹೊಂದಾಣಿಕೆ ಹಕ್ಕಾಗಿ ಸಿಗುತ್ತದೆ ಎಂಬುದು ಅವರ ವಾದ. ಒಪ್ಪದವರು ಹೇಳುವುದು ಬೇರೆ. ಸರಿಯಾಗಿ ನೋಡಿಕೊಂಡರೆ ಈ ಮಗು ಎಲ್ಲರಂತೆ ಓಡುತ್ತದೆ, ಆಡುತ್ತದೆ. ಅದಕ್ಕೆ ಅಂಗವೈಕಲ್ಯದ ಮುದ್ರೆ ಒತ್ತಿದರೆ ಮುಂದೆ ಕೆಲಸಕ್ಕೆ, ಮದುವೆಗೆ ತೊಡಕಾಗುವುದಿಲ್ಲವೇ? ಈ ಭಯ ಕೆಲವು ಪೋಷಕರಿಗೂ ಇದೆ.

ನನ್ನ ಪ್ರಕಾರ ಮಗುವಿಗೆ ಬೇಕಾದದ್ದು ಮುದ್ರೆಯಲ್ಲ, ಹೊಂದಾಣಿಕೆ. ಆದರೆ ಮುದ್ರೆ ಇಲ್ಲದೆ ಹೊಂದಾಣಿಕೆ ಕೊಡುವ ಅಭ್ಯಾಸ ನಮ್ಮ ಕಚೇರಿಗಳಿಗೆ ಇಲ್ಲ. ಅದಕ್ಕೇ ಪೋಷಕರು ಇಷ್ಟವಿಲ್ಲದಿದ್ದರೂ ಮುದ್ರೆ ಕೇಳುತ್ತಿದ್ದಾರೆ. ಅದೇ ಕಾಯ್ದೆಯಲ್ಲಿ ಹೆಚ್ಚು ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತೂ ಇದೆ. ಆರೈಕೆಯೂ ದುಡಿಮೆ ಎಂದು ಕಾನೂನು ಒಪ್ಪಿಕೊಂಡ ಅಪರೂಪದ ಜಾಗ ಅದು. ಆ ಬಾಗಿಲನ್ನು ಇನ್ನಷ್ಟು ಅಗಲ ಮಾಡುವ ಚರ್ಚೆ ನಡೆಯಬೇಕಿತ್ತು.

ಎಚ್.ಡಿ.ಕೋಟೆ, ಹುಣಸೂರಿನ ಹಾಡಿಗಳಲ್ಲಿ ಈ ಮುದ್ರೆಯ ಪ್ರಶ್ನೆ ಬೇರೆ ರೂಪದಲ್ಲಿದೆ. 2023ರ ಜುಲೈ 1ರಂದು ಶುರುವಾದ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನಾ ಅಭಿಯಾನದಲ್ಲಿ ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇದೆ. ಯಾರು ವಾಹಕರು ಎಂದು ತಿಳಿದರೆ ಮುಂದಿನ ಪೀಳಿಗೆಗೆ ಕಾಯಿಲೆ ತಪ್ಪಿಸಬಹುದು. ಆದರೆ ಆ ಮಾಹಿತಿ ಇರುವ ಕಾರ್ಡು ಮದುವೆ ಮಾತುಕತೆಯಲ್ಲಿ ಹುಡುಗಿಯ ಮೇಲಿನ ಕಳಂಕವೂ ಆಗಬಹುದು. ಕಾರ್ಡ್ ಕೊಡುವ ದಿನವೇ ಕೂತು ಮಾತಾಡುವವರೂ ಬೇಕು.

ಮಾತಾಡುವವರು ಯಾರು?

ಮೊದಲು ಔಷಧಿ, ಹಾಸಿಗೆ, ಡಾಕ್ಟರ್ ಸರಿಹೋಗಲಿ, ಮನಸ್ಸಿನ ಮಾತು ಆಮೇಲೆ ಎನ್ನುವವರಿದ್ದಾರೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಗಾಗಲಿ, ಮಂಡ್ಯದ ಸರ್ಕಾರಿ ವೈದ್ಯಕೀಯ ಸಂಸ್ಥೆ ಮಿಮ್ಸ್‌ಗಾಗಲಿ ಬರುವ ಜನಸಂದಣಿ ನೋಡಿದರೆ ಆ ಮಾತನ್ನು ತಳ್ಳಿಹಾಕಲಾಗದು. ಓಪಿಡಿಯಲ್ಲಿ ಒಂದು ಮಗುವಿಗೆ ಸಿಗುವುದು ಕೆಲವೇ ನಿಮಿಷ. ಇನ್ನು ಕೆಲವರು ನಮ್ಮದು ಕೂಡು ಕುಟುಂಬದ ಸಂಸ್ಕೃತಿ, ಮನೆಯವರೇ ನೋಡಿಕೊಳ್ಳುತ್ತಾರೆ ಎನ್ನುತ್ತಾರೆ. ಅಜ್ಜಿ, ಚಿಕ್ಕಮ್ಮ, ಅತ್ತೆ ಇದ್ದ ಮನೆಯಲ್ಲಿ ಅದು ನಿಜವೂ ಹೌದು. ಆದರೆ ಕೆಲಸ ಹುಡುಕಿಕೊಂಡು ಬಂದು ಮೈಸೂರಿನ ಹೊರವಲಯದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವವರಿಗೆ ಆ ಅಜ್ಜಿ ಊರಿನಲ್ಲಿ ಉಳಿದಿದ್ದಾಳೆ.

ಹೊಸ ಹುದ್ದೆ ಸೃಷ್ಟಿಯಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ, ಉಚಿತವಾಗಿ, ಯಾವ ಹೊತ್ತಿನಲ್ಲಾದರೂ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಎದ್ದು ಕೂತ ತಾಯಿಗೆ ಈ ಸಂಖ್ಯೆ ಇದೆ ಎಂದು ಮಕ್ಕಳ ವಾರ್ಡಿನಲ್ಲಿ ಯಾರಾದರೂ ಹೇಳಬೇಕಷ್ಟೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಗುವಿನ ಜೊತೆ ಪೋಷಕರಿಗೂ ಕಲಿಸುವುದು ಹಳೆಯ ರೂಢಿ. ಕಿವಿ ಕೇಳದ ಮಗುವಿನ ವಿಷಯದಲ್ಲಿ ಈ ಊರು ಕಲಿತದ್ದನ್ನು ಶುಗರ್, ಫಿಟ್ಸ್ ಇರುವ ಮಗುವಿನ ವಿಷಯದಲ್ಲೂ ಮಾಡಬಹುದು.

ಇದರ ಜೊತೆಗೆ ಇನ್ಸುಲಿನ್, ಸ್ಟ್ರಿಪ್ ತಾಲ್ಲೂಕು ಆಸ್ಪತ್ರೆಯಲ್ಲೇ ತಪ್ಪದೆ ಸಿಕ್ಕರೆ, ರಕ್ತ ಹಾಕಿಸುವ ವ್ಯವಸ್ಥೆ ಭಾನುವಾರವೂ ಇದ್ದರೆ ಏನಾಗುತ್ತದೆ ನೋಡಿ. ಕೂಲಿ ಉಳಿಯುತ್ತದೆ, ಮಗುವಿನ ಶಾಲೆ ಉಳಿಯುತ್ತದೆ, ಅಪ್ಪನೂ ಜೊತೆಗೆ ಬರಬಹುದು. ತೆರಿಗೆ ಇಳಿಕೆಯಿಂದ ಉಳಿದ 150 ರೂಪಾಯಿಯ ಜೊತೆ ಒಂದು ಇಡೀ ದಿನ ಉಳಿಯುತ್ತದೆ.

ಮಗು ದೊಡ್ಡದಾದಾಗ

ಈ ಮಕ್ಕಳು ಈಗ ಬದುಕುತ್ತಾರೆ, ಬೆಳೆಯುತ್ತಾರೆ. ಹಿಂದಿನ ತಲೆಮಾರಿನಲ್ಲಿ ಇಷ್ಟು ಮಕ್ಕಳು ದೊಡ್ಡವರಾಗುತ್ತಿರಲಿಲ್ಲ. ಹಾಗಾಗಿ ಮುಂದಿನ ವರ್ಷಗಳಲ್ಲಿ ಹೊಸದೊಂದು ಘಟ್ಟ ಹೆಚ್ಚು ಹೆಚ್ಚು ಮನೆಗಳಿಗೆ ಎದುರಾಗುತ್ತದೆ. ಹದಿಮೂರು ಹದಿನಾಲ್ಕಕ್ಕೆ ಶುಗರ್ ಏರುಪೇರಾಗುವುದು ಜಾಸ್ತಿ. ಬೆಳವಣಿಗೆಯ ಹಾರ್ಮೋನುಗಳು ಇನ್ಸುಲಿನ್‌ಗೆ ಅಡ್ಡ ಬರುವುದು ಒಂದು ಕಾರಣ. "ನಂಗೆ ಗೊತ್ತು, ಬಿಡಮ್ಮ" ಎನ್ನುವ ವಯಸ್ಸು ಇನ್ನೊಂದು. ಆಗ ಮನೆಯಲ್ಲಿ ದಿನಾ ಜಗಳ. ಬೈದರೆ ಮಗು ಸುಳ್ಳು ಸಂಖ್ಯೆ ಬರೆದಿಡುತ್ತದೆ.

ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18ಕ್ಕೆ ಮುಗಿಯುತ್ತದೆ. ಮೈಸೂರಿನಲ್ಲಿ ಮಕ್ಕಳನ್ನು ನೋಡುವ ಚೆಲುವಾಂಬ ಆಸ್ಪತ್ರೆ ಮತ್ತು ದೊಡ್ಡವರನ್ನು ನೋಡುವ ಕೆ.ಆರ್. ಆಸ್ಪತ್ರೆ ಅಕ್ಕಪಕ್ಕದಲ್ಲೇ ಇವೆ. ನಡೆದರೆ ಕೆಲವೇ ನಿಮಿಷ. ಆದರೆ ಹತ್ತು ವರ್ಷದಿಂದ ಹೆಸರು ಹಿಡಿದು ಕರೆಯುತ್ತಿದ್ದ ನರ್ಸ್ ಅಲ್ಲಿಲ್ಲ, ಫೈಲೂ ಹೊಸದು. ಇದಕ್ಕೆ ತಯಾರಿ ಹನ್ನೆರಡಕ್ಕೇ ಶುರುವಾಗಬೇಕು ಎನ್ನುತ್ತಾರೆ ಮಕ್ಕಳ ವೈದ್ಯರು. ಮೊದಲು ತನ್ನ ಔಷಧಿಗಳ ಹೆಸರು ತಾನೇ ಹೇಳುವುದು. ಆಮೇಲೆ ಡಾಕ್ಟರ್ ಕೇಳಿದ ಪ್ರಶ್ನೆಗೆ ಅಮ್ಮನ ಮುಖ ನೋಡದೆ ಉತ್ತರಿಸುವುದು. ಆಮೇಲೆ ಮೊದಲ ಐದು ನಿಮಿಷ ಒಬ್ಬನೇ ಒಳಗೆ ಹೋಗುವುದು, ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿರುವುದು. ಆ ಐದು ನಿಮಿಷ ಅವಳೂ ಅಭ್ಯಾಸ ಮಾಡಬೇಕಾದದ್ದೇ.